ತಂಜಾವೂರು ಜಿಲ್ಲೆಯಲ್ಲಿ ನಾಲ್ಕು ದಿನ: ದೊಡ್ಡ ಗುಡಿಯ ಆಚೆಗೆ ಏನನ್ನು, ಹೇಗೆ ನೋಡಬೇಕು?

ಪ್ರಶ್ನೆ: ಮಂಡ್ಯದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ತಾಯಿಯವರನ್ನು ಕರೆದುಕೊಂಡು ಕುಂಭಕೋಣಕ್ಕೆ ಹೋಗುವವನಿದ್ದೇನೆ. ಅಲ್ಲಿರುವ ಶ್ರೀ ವಿಜಯೀಂದ್ರ ತೀರ್ಥರ ಬೃಂದಾವನದ ದರ್ಶನ ಮಾಡಬೇಕೆಂಬುದು ಅವರ ಬಹುಕಾಲದ ಹರಕೆ. ಹರಕೆ ಒಂದು ದಿನದಲ್ಲಿ ತೀರುತ್ತದೆ. ನನಗೆ ಸಿಕ್ಕಿರುವ ರಜೆ ನಾಲ್ಕು ದಿನಗಳದ್ದು. ಉಳಿದ ಮೂರು ದಿನಗಳನ್ನು ತಂಜಾವೂರು ಜಿಲ್ಲೆಯಲ್ಲಿಯೇ ಕಳೆಯಬೇಕೆಂದು ತೀರ್ಮಾನಿಸಿದ್ದೇನೆ.

ಇಪ್ಪತ್ತು ವರ್ಷಗಳ ಹಿಂದೆ ಶಾಲೆಯ ಮಕ್ಕಳೊಂದಿಗೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದೆವು, ಬೃಹದೀಶ್ವರನ ಗುಡಿಯ ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲವೆಂದೂ ಶಿಖರದ ಕಲ್ಲು ಎಂಬತ್ತು ಟನ್ನಿನ ಒಂದೇ ಬಂಡೆಯೆಂದೂ ಮಾರ್ಗದರ್ಶಿ ಹೇಳಿದ್ದನ್ನು ಕೇಳಿದೆವು, ನಂದಿಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡೆವು, ಮತ್ತೆ ಬಸ್ಸು ಹತ್ತಿ ಮಧುರೆಗೆ ಹೊರಟೆವು. ಇತಿಹಾಸ ಕಲಿಸುವ ನಾನೇ ಹಾಗೆ ನೋಡಿ ಬಂದೆನಲ್ಲ ಎಂಬ ಸಂಕೋಚ ಈಗಲೂ ಇದೆ.

ನನ್ನ ಪ್ರಶ್ನೆಗಳು ಎರಡು. ಮೊದಲನೆಯದು, ದೊಡ್ಡ ಗುಡಿಯನ್ನೂ ಅದರಾಚೆಗಿನ ಜಿಲ್ಲೆಯನ್ನೂ ಅರ್ಥವಾಗುವಂತೆ ನೋಡುವುದು ಹೇಗೆ? ತಾಯಿಯವರಿಗೆ ಎಪ್ಪತ್ತೆರಡು ವರ್ಷ, ಮಂಡಿನೋವಿದೆ. ಆದ್ದರಿಂದ ಪಟ್ಟಿ ಉದ್ದವಾಗುವುದು ಬೇಡ. ಎರಡನೆಯದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ. ಚೋಳರು ತಲಕಾಡನ್ನು ಗೆದ್ದು ನಮ್ಮ ನಾಡನ್ನು ತುಳಿದವರು, ಅವರ ಗುಡಿಯನ್ನು ನಾವೇಕೆ ಹೊಗಳಬೇಕು ಎನ್ನುವವರು ನಮ್ಮ ಕಡೆ ಇದ್ದಾರೆ. ತಂಜಾವೂರಿನ ಸಂಗೀತವೆಲ್ಲ ಮೂಲತಃ ನಮ್ಮದೇ ಎನ್ನುವವರೂ ಇದ್ದಾರೆ. ಈ ಎರಡೂ ಮಾತುಗಳು ನನಗೆ ರುಚಿಸುವುದಿಲ್ಲ. ಕನ್ನಡದವರಿಗೂ ಆ ಜಿಲ್ಲೆಗೂ ಕಲ್ಲಿನಲ್ಲೋ ದಾಖಲೆಯಲ್ಲೋ ನಿಲ್ಲುವಂಥ ನಂಟು ಏನಿದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಶಾಸನದ ಹುಚ್ಚು

ಮೇಷ್ಟ್ರೇ, ಮೊದಲು ಆ ನೆರಳಿನ ವಿಷಯ ಮುಗಿಸಿಬಿಡೋಣ. ಸಂಜೆ ನಾಲ್ಕೂವರೆಗೆ ಗುಡಿಯ ಪೂರ್ವದ ಅಂಗಳದಲ್ಲಿ ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ, ನೆರಳಿನಲ್ಲಿಯೇ ಕುಳಿತು ನಾನು ಬಿಸಿಲಿನಿಂದ ತಪ್ಪಿಸಿಕೊಂಡಿದ್ದೇನೆ. ಶಿಖರವೂ ಒಂದೇ ಬಂಡೆಯಲ್ಲ, ಹಲವು ತುಂಡುಗಳನ್ನು ಜೋಡಿಸಿ ಕಟ್ಟಿದ್ದು. ನಂದಿ ಮಾತ್ರ ಒಂದೇ ಕಲ್ಲಿನದು, ಆದರೆ ಅದು ಚೋಳರದ್ದಲ್ಲ, ಆ ಮೇಲೆ ತಂಜಾವೂರನ್ನು ಆಳಿದ ನಾಯಕರ ಕಾಲದ್ದು. ಇಂಥ ಪವಾಡಗಳು ಆ ಗುಡಿಗೆ ಬೇಕಾಗಿಲ್ಲ. ಅದರ ನಿಜವಾದ ಸೋಜಿಗ ಕಣ್ಣಿನ ಎತ್ತರಕ್ಕಿಂತ ಕೆಳಗಿದೆ. ಇನ್ನೂರು ಅಡಿಗೂ ಮಿಗಿಲಾದ ವಿಮಾನವನ್ನು ಕತ್ತೆತ್ತಿ ನೋಡುವವರೆಲ್ಲ ಅದನ್ನು ದಾಟಿಕೊಂಡು ಹೋಗುತ್ತಾರೆ.

ಗುಡಿಯ ಅಧಿಷ್ಠಾನದ, ಅಂದರೆ ಬುಡದ ಜಗತಿಯ, ಪಟ್ಟಿಕೆಗಳನ್ನು ಗಮನಿಸಿ. ಸುತ್ತಲೂ ಸಾಲುಸಾಲಾಗಿ ಶಾಸನಗಳಿವೆ. ರಾಜರಾಜ ಚೋಳನು ತನ್ನ ಆಳ್ವಿಕೆಯ 25ನೆಯ ವರ್ಷದ 275ನೆಯ ದಿನ, ಅಂದರೆ 1010ರಲ್ಲಿ, ವಿಮಾನದ ತುದಿಗೆ ಕಳಶವನ್ನು ಕೊಟ್ಟನೆಂಬುದು ನಮಗೆ ತಿಳಿದಿರುವುದು ಈ ಬರಹಗಳಿಂದಲೇ. ಗುಡಿಯನ್ನು ಕಟ್ಟಿಸಿದವನು ಯಾರೆಂಬುದನ್ನೇ ಊರು ಮರೆತಿತ್ತು; 19ನೆಯ ಶತಮಾನದ ಕೊನೆಯಲ್ಲಿ ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸರು ಶಾಸನಗಳನ್ನು ಓದಿದ ಮೇಲೆ ರಾಜರಾಜನ ಹೆಸರು ಮತ್ತೆ ಜನರ ಬಾಯಿಗೆ ಬಂತು. ಆ ಅರಸನ ಆಜ್ಞೆಯ ಸಾರ ಇಷ್ಟು: ನಾವು ಕೊಟ್ಟದ್ದು, ನಮ್ಮ ಅಕ್ಕ ಕೊಟ್ಟದ್ದು, ನಮ್ಮ ಹೆಂಗಸರು ಕೊಟ್ಟದ್ದು, ಉಳಿದವರು ಕೊಟ್ಟದ್ದು, ಎಲ್ಲವನ್ನೂ ಶ್ರೀವಿಮಾನದ ಕಲ್ಲಿನಲ್ಲಿ ಕೊರೆಯಿರಿ. ಅಕ್ಕ ಎಂದರೆ ಕುಂದವೈ. ತಮಿಳು ಮೂಲದಲ್ಲಿಯೂ ಆ ಪದ 'ಅಕ್ಕನ್' ಎಂದೇ ಇದೆ. ರಾಣಿಯರಿಗಿಂತ ಮೊದಲು ಅಕ್ಕನ ಹೆಸರು ಹೇಳಿದ ಅರಸನ ಮೇಲೆ ನನಗೆ ಸ್ವಲ್ಪ ಪ್ರೀತಿ ಹೆಚ್ಚು.

ಈ ಬರಹಗಳಲ್ಲಿ ಸ್ತುತಿ ಕಡಿಮೆ, ಲೆಕ್ಕ ಹೆಚ್ಚು. ಒಂದು ನಂದಾದೀಪ ಸದಾ ಉರಿಯಬೇಕಾದರೆ ತೊಂಬತ್ತಾರು ಕುರಿಗಳು, ಅವುಗಳನ್ನು ಸಾಕುವವನ ಹೆಸರು, ಅವನು ದಿನಕ್ಕೆ ಅಳೆಯಬೇಕಾದ ತುಪ್ಪದ ಪ್ರಮಾಣ, ಎಲ್ಲವೂ ಅಲ್ಲಿವೆ. ಆ ಕುರಿಗಳನ್ನು ಶಾಸನದ ಭಾಷೆಯಲ್ಲಿ ಸಾಯದ, ಮುಪ್ಪಾಗದ ಕುರಿಗಳು ಎಂದು ಕರೆಯುತ್ತಾರೆ. ಕುರಿ ಸತ್ತರೆ ಮರಿಯನ್ನು ಲೆಕ್ಕಕ್ಕೆ ಸೇರಿಸಿ ಸಂಖ್ಯೆಯನ್ನು ಕಾಯ್ದುಕೊಳ್ಳಬೇಕಾದ್ದರಿಂದ ಹಿಂಡಿಗೆ ಸಾವಿಲ್ಲ. ಬಡ್ಡಿ ತರುವ ಮೂಲಧನವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತನ್ನು ನಾನು ಕೇಳಿಲ್ಲ.

ಉತ್ತರದ ಪ್ರಾಕಾರದ ಗೋಡೆಯಲ್ಲಿ ಇನ್ನೊಂದು ದೊಡ್ಡ ಶಾಸನವಿದೆ. ಚೋಳನಾಡಿನ ಬೇರೆ ಬೇರೆ ಗುಡಿಗಳಿಂದ ಕರೆತಂದು ತಂಜಾವೂರಿನಲ್ಲಿ ನೆಲೆಗೊಳಿಸಿದ ನಾನೂರು ಮಂದಿ ದೇವಾಲಯದ ಹೆಂಗಸರ ಪಟ್ಟಿ ಅದು. ಪ್ರತಿಯೊಬ್ಬಳ ಹೆಸರು, ಅವಳು ಯಾವ ಊರಿನ ಯಾವ ಗುಡಿಯಿಂದ ಬಂದವಳು, ಯಾವ ಬೀದಿಯ ಯಾವ ಸಾಲಿನ ಎಷ್ಟನೆಯ ಮನೆ ಅವಳದು ಎಂಬುದೆಲ್ಲ ಇದೆ. ಒಬ್ಬೊಬ್ಬಳಿಗೆ ವರ್ಷಕ್ಕೆ ನೂರು ಕಲಂ (ಧಾನ್ಯದ ಹಳೆಯ ಅಳತೆ) ಭತ್ತ ಬರುವಷ್ಟು ಪಾಲು. ಬಹುತೇಕ ಹೆಸರುಗಳು 'ನಕ್ಕನ್' ಎಂಬ ಪದದಿಂದ ಆರಂಭವಾಗುತ್ತವೆ. ಅವರ ಹಿಂದೆಯೇ ನೃತ್ಯ ಕಲಿಸುವ ನಟ್ಟುವರು, ವಾದ್ಯದವರು, ಹೊಲಿಗೆಯವನು, ಅಕ್ಕಸಾಲಿಗ, ಕ್ಷೌರಿಕ, ಲೆಕ್ಕ ಬರೆಯುವವನು ಬರುತ್ತಾರೆ. ಸಾವಿರ ವರ್ಷಗಳ ಹಿಂದಿನ ಒಂದು ಊರಿನ ಜನರನ್ನು ಹೆಸರು ಹಿಡಿದು ಕರೆಯುವ ಅವಕಾಶ ಎಷ್ಟು ಊರುಗಳಿಗೆ ಸಿಕ್ಕಿದೆ?

ಗರ್ಭಗುಡಿಯ ಸುತ್ತಿನ ಕತ್ತಲ ಪ್ರದಕ್ಷಿಣಾಪಥದಲ್ಲಿ ಚೋಳರ ಕಾಲದ ಭಿತ್ತಿಚಿತ್ರಗಳಿವೆ. ನಾಯಕರ ಕಾಲದ ಚಿತ್ರಗಳ ಪದರದ ಹಿಂದೆ ಅಡಗಿದ್ದ ಅವು 1931ರಲ್ಲಿ ಬೆಳಕಿಗೆ ಬಂದವು. ಅದರ ಮೇಲಿನ ಅಂತಸ್ತಿನಲ್ಲಿ ನೂರೆಂಟು ನೃತ್ಯಕರಣಗಳ, ಅಂದರೆ ನೃತ್ಯದ ಭಂಗಿಗಳ, ಪೈಕಿ ಎಂಬತ್ತೊಂದನ್ನು ಕೆತ್ತಿ, ಉಳಿದ ಇಪ್ಪತ್ತೇಳರ ಕಲ್ಲುಗಳನ್ನು ಖಾಲಿ ಬಿಟ್ಟಿದ್ದಾರೆ. ಇವೆರಡಕ್ಕೂ ಸಾರ್ವಜನಿಕರನ್ನು ಬಿಡುವುದಿಲ್ಲವಾದ್ದರಿಂದ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಒಂದು ಕಲ್ಲು. ತಂಜಾವೂರಿನ ಅರಮನೆಯ ಕಲಾಸಂಗ್ರಹದಲ್ಲಿ ಕಪ್ಪು ಕಲ್ಲಿನ ಒಬ್ಬ ದ್ವಾರಪಾಲಕನಿದ್ದಾನೆ. ಅವನ ಸುತ್ತ ನಿಂತಿರುವ ಚೋಳ ಶಿಲ್ಪಗಳಿಗೂ ಅವನಿಗೂ ಹೋಲಿಕೆಯೇ ಇಲ್ಲ. ಆಭರಣದ ಕೆತ್ತನೆ, ಕಲ್ಲಿನ ನಯ, ನಿಲುವು ಎಲ್ಲವೂ ಚಾಲುಕ್ಯರವು. ಪೀಠದಲ್ಲಿ ತಮಿಳಿನಲ್ಲಿ ಬರೆದಿದೆ: ವಿಜಯರಾಜೇಂದ್ರ ದೇವರು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ. ಕಲ್ಯಾಣಪುರ ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ವಿಜಯರಾಜೇಂದ್ರ ಎಂದರೆ ರಾಜರಾಜನ ಮೊಮ್ಮಗ ರಾಜಾಧಿರಾಜ. 1054ರಲ್ಲಿ ಕೊಪ್ಪದ ಯುದ್ಧದಲ್ಲಿ ಚಾಲುಕ್ಯ ಸೋಮೇಶ್ವರನ ಸೇನೆಯ ಎದುರು ಆನೆಯ ಮೇಲೆಯೇ ಪ್ರಾಣ ಬಿಟ್ಟವನು. ಈ ಶಿಲ್ಪ ದೊರೆತದ್ದು ಕುಂಭಕೋಣದ ಪಕ್ಕದ ದಾರಾಸುರದಲ್ಲಿ. ಆದರೆ ದಾರಾಸುರದ ಗುಡಿಯನ್ನು ಕಟ್ಟಿಸಿದವನು ನೂರು ವರ್ಷ ತಡವಾಗಿ ಬಂದ ಎರಡನೆಯ ರಾಜರಾಜ. ಅಂದರೆ ನಮ್ಮ ಕಲ್ಯಾಣದ ಬಾಗಿಲು ಕಾಯುತ್ತಿದ್ದವನು ಮೊದಲು ಬೇರೆಲ್ಲೋ ನಿಂತು, ಆ ಮೇಲೆ ದಾರಾಸುರಕ್ಕೆ ಬಂದು, ಕೊನೆಗೆ ಅರಮನೆ ಸೇರಿದ್ದಾನೆ. ಕೊಳ್ಳೆಯೂ ಹೌದು, ಕಾಪಾಡಿಕೊಂಡದ್ದೂ ಹೌದು. ಕಲ್ಯಾಣದಲ್ಲಿಯೇ ಇದ್ದಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಅವನ ಮುಂದೆ ನಿಂತಾಗಲೆಲ್ಲ ಯೋಚಿಸಿದ್ದೇನೆ.

ಉತ್ತರ 2: ಕುಂಭಕೋಣದ ಸೊಸೆ

ನಾನು ಮೈಸೂರಿನವಳು, ಕುಂಭಕೋಣದ ಮಾಧ್ವರ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷಗಳಾದವು. ಮೇಲಿನವರು ಕಲ್ಲಿನ ಕನ್ನಡವನ್ನು ತೋರಿಸಿದ್ದಾರೆ. ನಾನು ಅಡುಗೆಮನೆಯ ಕನ್ನಡವನ್ನು ತೋರಿಸುತ್ತೇನೆ.

ನಮ್ಮ ಮನೆಯಲ್ಲಿ ಬಾಗಿಲಾಚೆ ತಮಿಳು, ಬಾಗಿಲೊಳಗೆ ಕನ್ನಡ. ಮದುವೆಯಾಗಿ ಬಂದ ಹೊಸತರಲ್ಲಿ ಈ ಕನ್ನಡವನ್ನು ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ, ಏಕೆಂದರೆ ವಾಕ್ಯದ ನಡುವೆ ತಮಿಳಿನ ಕ್ರಿಯಾಪದಗಳು ಬಂದು ಕುಳಿತುಬಿಡುತ್ತಿದ್ದವು. ಆದರೆ ಹುಳಿ, ಸಾರು, ಗೊಜ್ಜು ಎಂಬ ಪದಗಳು ಇಷ್ಟು ತಲೆಮಾರುಗಳಾದರೂ ಅಲುಗಾಡಿರಲಿಲ್ಲ. ನಮ್ಮ ಮಾವನವರಿಗೆ ಕನ್ನಡ ಲಿಪಿ ಬರುತ್ತಿರಲಿಲ್ಲ. ಅವರ ಬಳಿ ಒಂದು ಹಳೆಯ ನೋಟುಪುಸ್ತಕವಿತ್ತು. ಅದರಲ್ಲಿ ದಾಸರ ಪದಗಳನ್ನೆಲ್ಲ ತಮಿಳು ಅಕ್ಷರಗಳಲ್ಲಿ ಬರೆದುಕೊಂಡಿದ್ದರು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ನಾನು ಓದಿದರೆ ಪದಗಳು ಕೆಡುತ್ತಿದ್ದವು. ಅವರು ಓದಿದರೆ ಒಂದು ಉಚ್ಚಾರವೂ ತಪ್ಪುತ್ತಿರಲಿಲ್ಲ. ಆ ಪುಸ್ತಕ ಈಗ ನನ್ನ ಬಳಿ ಇದೆ.

ಕನ್ನಡದವರು ಇಲ್ಲಿಗೆ ಬಂದದ್ದಕ್ಕೆ ಮುಖ್ಯವಾದ ಕಾರಣ ನಾಯಕರ ಆಸ್ಥಾನ. ವಿಜಯನಗರದ ಕೈಕೆಳಗೆ ಆರಂಭವಾದ ತಂಜಾವೂರಿನ ನಾಯಕರು ತೆಲುಗಿನವರು. ಸೇವಪ್ಪ, ಅಚ್ಯುತಪ್ಪ, ರಘುನಾಥ, ಈ ಮೂವರಿಗೂ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡದ ಸ್ಮಾರ್ತ ಬ್ರಾಹ್ಮಣರು. ಇಲ್ಲಿನ ಜನ ಅವರನ್ನು 'ಅಯ್ಯನ್' ಎನ್ನುತ್ತಿದ್ದರು. ತಂಜಾವೂರಿನ ಅಯ್ಯನ್ ಕಡೈ ಬೀದಿ ಅವರ ಹೆಸರಿನದೇ ಎಂದು ಹಿರಿಯರು ಹೇಳುತ್ತಾರೆ. ಕುಂಭಕೋಣದ ಮಹಾಮಹಂ ಕೆರೆಯ ಸುತ್ತಲಿನ ಹದಿನಾರು ಮಂಟಪಗಳನ್ನು ಕಟ್ಟಿಸಿದವರು ಅವರೇ. ಹನ್ನೆರಡು ವರ್ಷಗಳಿಗೊಮ್ಮೆ, ಕಳೆದ ಸಲ 2016ರಲ್ಲಿ, ಆ ಕೆರೆಯಲ್ಲಿ ಲಕ್ಷಾಂತರ ಜನ ಮುಳುಗೆದ್ದರು, ಮುಂದಿನದು 2028ರಲ್ಲಿ. ಆ ಜನಸಾಗರದ ದಿನಗಳಲ್ಲಿ ಯಾರೂ ಮಂಟಪಗಳನ್ನು ನೋಡುವುದಿಲ್ಲ, ಆದ್ದರಿಂದ ನೀವು ಖಾಲಿ ದಿನಗಳಲ್ಲಿ ಬರುತ್ತಿರುವುದೇ ಒಳ್ಳೆಯದು. ದೀಕ್ಷಿತರನ್ನು ನೋಡಬೇಕೆಂದರೆ ಹತ್ತಿರದ ಪಟ್ಟೀಶ್ವರಕ್ಕೆ ಹೋಗಿ. ಅಲ್ಲಿನ ಗುಡಿಯಲ್ಲಿ ಅವರೂ ಪತ್ನಿ ನಾಗಾಂಬೆಯವರೂ ಕಲ್ಲಿನಲ್ಲಿ ಕೈಮುಗಿದು ನಿಂತಿದ್ದಾರೆ.

ಇನ್ನು ತಮ್ಮ ತಾಯಿಯವರ ಹರಕೆಯ ವಿಷಯ. ವಿಜಯೀಂದ್ರ ತೀರ್ಥರು ಇಲ್ಲಿ ನೆಲೆಸಿದ್ದರಿಂದ ಕುಂಭಕೋಣ ಮಾಧ್ವರಿಗೆ ವಿದ್ಯಾಪೀಠವಾಯಿತು. ಅದ್ವೈತದ ಅಪ್ಪಯ್ಯ ದೀಕ್ಷಿತರು ಅವರ ಸಮಕಾಲೀನರು. ವಾದದಲ್ಲಿ ಇಬ್ಬರೂ ಎದುರಾಳಿಗಳು, ಬಳಕೆಯಲ್ಲಿ ಸ್ನೇಹಿತರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ವಿಜಯೀಂದ್ರರ ಶಿಷ್ಯರಾದ ಸುಧೀಂದ್ರ ತೀರ್ಥರ ಬಳಿ, ಇದೇ ಊರಿನಲ್ಲಿ, ವೇಂಕಟನಾಥ ಎಂಬ ಬಡ ಗೃಹಸ್ಥರು ಓದಿದರು. 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸ ಪಡೆದು ಶ್ರೀ ರಾಘವೇಂದ್ರ ತೀರ್ಥರಾದರು. ಮಂತ್ರಾಲಯಕ್ಕೆ ಹೋಗುವ ನಮ್ಮವರಲ್ಲಿ ಅನೇಕರಿಗೆ ರಾಯರು ತಮಿಳುನಾಡಿನ ಭುವನಗಿರಿಯಲ್ಲಿ ಹುಟ್ಟಿದವರು, ಕಾವೇರಿಯ ಈ ತುದಿಯಲ್ಲಿ ಓದಿ ಯತಿಗಳಾದವರು ಎಂಬುದು ನೆನಪಿರುವುದಿಲ್ಲ.

ಊರೊಳಗೆ ಒಂದೇ ಗುಡಿ ನೋಡಲು ಸಮಯವಿದ್ದರೆ ರಘುನಾಥ ನಾಯಕ ಕಟ್ಟಿಸಿದ ರಾಮಸ್ವಾಮಿಯ ಗುಡಿಯನ್ನು ನೋಡಿ. ಕಂಬಗಳ ಶಿಲ್ಪ ಒಂದು ಕಡೆಗಿರಲಿ, ಪ್ರಾಕಾರದ ಗೋಡೆಯುದ್ದಕ್ಕೂ ರಾಮಾಯಣವನ್ನು ಚಿತ್ರಗಳಲ್ಲಿ ಬರೆದಿದ್ದಾರೆ. ಅಮ್ಮನವರು ನಿಧಾನವಾಗಿ ನಡೆಯುತ್ತ ಒಂದು ಸುತ್ತು ಹಾಕಿದರೆ ಪಾರಾಯಣವೇ ಆಗುತ್ತದೆ.

ಉತ್ತರ 3: ಮಡೆಯ ನೀರು

ಇಲ್ಲಿಯವರೆಗಿನ ಉತ್ತರಗಳು ಸೊಗಸಾಗಿವೆ, ಆದರೆ ನನ್ನದೊಂದು ತಕರಾರಿದೆ. ಗುಡಿ, ಮಠ, ಅರಮನೆ ಎಂದು ಮಾತನಾಡುತ್ತ ಇವೆಲ್ಲಕ್ಕೂ ಅನ್ನ ಹಾಕಿದ್ದನ್ನು ಮರೆತಿದ್ದೇವೆ. ನಾನು ನೀರಾವರಿಯ ಕೆಲಸದಿಂದ ನಿವೃತ್ತನಾದವನು, ಹಾಗಾಗಿ ನನ್ನ ಕಣ್ಣು ಅತ್ತಲೇ ಹೋಗುತ್ತದೆ.

ತಂಜಾವೂರಿನ ಸುತ್ತ ಬೆಟ್ಟವಿಲ್ಲ, ಬಂಡೆಯಿಲ್ಲ. ಇರುವುದೆಲ್ಲ ಕಾವೇರಿ ತಂದು ಸುರಿದ ಮೆಕ್ಕಲು ಮಣ್ಣು. ದೊಡ್ಡ ಗುಡಿಯ ಅಷ್ಟೂ ಕಗ್ಗಲ್ಲು ತಿರುಚಿರಾಪಳ್ಳಿ, ಪುದುಕೋಟೆಗಳ ಕಡೆಯಿಂದ ಬಂದಿರಬೇಕು. ಕಲ್ಲೇ ಇಲ್ಲದ ನಾಡಿನಲ್ಲಿ ಅಂಥ ಕಲ್ಲಿನ ಗುಡಿ ಎದ್ದಿತೆಂದರೆ ಅದರ ಹಿಂದೆ ಎಷ್ಟು ಭತ್ತವಿರಬೇಕೆಂದು ಊಹಿಸಿ. ಮೇಲೆ ಹೇಳಿದ ನಾನೂರು ಹೆಂಗಸರ ನೂರು ನೂರು ಕಲಂ ಕೂಡ ಭತ್ತವೇ, ಹಣವಲ್ಲ.

ಆದ್ದರಿಂದ ಒಂದು ಅರ್ಧ ದಿನವನ್ನು ಕಲ್ಲಣೈಗೆ ಕೊಡಿ. ಕರಿಕಾಲ ಚೋಳ ಕಟ್ಟಿಸಿದನೆಂದು ಹೇಳುವ, ಸುಮಾರು 329 ಮೀಟರ್ ಉದ್ದದ ಅಣೆಕಟ್ಟು ಅದು. ಅಣೆಕಟ್ಟು ಎಂದರೆ ನಮ್ಮ ಕನ್ನಂಬಾಡಿಯ ಹಾಗೆ ನೀರನ್ನು ಕೂಡಿಹಾಕುವುದಲ್ಲ. ಶ್ರೀರಂಗದ ದ್ವೀಪವನ್ನು ದಾಟಿದ ಮೇಲೆ ಕಾವೇರಿಯ ನೀರು ತಗ್ಗಿನಲ್ಲಿರುವ ಕೊಳ್ಳಿಡವೆಂಬ ಕವಲಿಗೆ ಜಾರಿ ಸಮುದ್ರ ಸೇರಿಬಿಡುತ್ತದೆ. ಹಾಗೆ ಜಾರದಂತೆ ತಡೆದು ಮುಖಜ ಭೂಮಿಯ ಹೊಲಗಳ ಕಡೆಗೆ ತಿರುಗಿಸುವುದು, ಪ್ರವಾಹ ಬಂದಾಗ ಹೆಚ್ಚಾದದ್ದನ್ನು ಮಾತ್ರ ಕೊಳ್ಳಿಡಕ್ಕೆ ಬಿಡುವುದು ಇದರ ಕೆಲಸ. ತಳವಿಲ್ಲದ ಮರಳಿನ ಮೇಲೆ ಬುನಾದಿ ಹಾಕುವುದು ಹೇಗೆಂಬುದನ್ನು ಇದನ್ನು ನೋಡಿಯೇ ಕಲಿತೆವೆಂದು, 1836ರಲ್ಲಿ ಇಲ್ಲಿಯೇ ಮೇಲಣೆ, ಕೆಳಅಣೆಗಳನ್ನು ಕಟ್ಟಿಸಿದ ಆರ್ಥರ್ ಕಾಟನ್ ಒಪ್ಪಿಕೊಂಡಿದ್ದರು. ದೊಡ್ಡ ಕಲ್ಲುಗಳನ್ನು ಮರಳಿನಲ್ಲಿ ಮುಳುಗಲು ಬಿಟ್ಟು, ಅವುಗಳ ಮೇಲೆ ಮತ್ತೆ ಕಲ್ಲು ಪೇರಿಸಿ, ನಡುವೆ ಜೇಡಿಮಣ್ಣು ತುಂಬುವ ಉಪಾಯವದು.

ಕಲ್ಲಣೈಯಿಂದ ಕೆಳಗೆ ನದಿ ಕವಲೊಡೆಯುತ್ತಲೇ ಹೋಗುತ್ತದೆ. ತಂಜಾವೂರಿನಿಂದ ತಿರುವೈಯಾರಿಗೆ ಇರುವುದು ಹತ್ತು ಹನ್ನೆರಡು ಕಿಲೋಮೀಟರ್ ದಾರಿ. ಅಷ್ಟರಲ್ಲಿ ವಡವಾರು, ವೆಣ್ಣಾರು, ವೆಟ್ಟಾರು, ಕುಡಮುರುಟ್ಟಿ, ಕಾವೇರಿ ಎಂಬ ಐದು ಹೊಳೆಗಳನ್ನು ದಾಟುತ್ತೀರಿ. ಊರಿನ ಹೆಸರೇ ತಿರು-ಐ-ಆರು, ಐದು ಹೊಳೆಗಳ ಪುಣ್ಯಸ್ಥಳ. ಕಾರಿನ ಕಿಟಕಿ ಇಳಿಸಿ ಸೇತುವೆಗಳನ್ನು ಎಣಿಸಿಕೊಂಡು ಹೋಗಿ. ಮಂಡ್ಯದವರಾದ ನಿಮಗೆ ನಾಲೆಯ ನೀರಿನ ಬೆಲೆ ಹೇಳಬೇಕಾಗಿಲ್ಲ. ನಮ್ಮ ಎರಡು ರಾಜ್ಯಗಳ ನಡುವಿನ ನ್ಯಾಯಾಲಯದ ಜಗಳವನ್ನು ಇಲ್ಲಿ ಎತ್ತಲಾರೆ. ಆದರೆ ನೀವು ಕೇಳಿದ ನಂಟು ಯಾವುದೆಂದರೆ ನಾನು ಮೊದಲು ತೋರಿಸುವುದು ಈ ನೀರನ್ನೇ.

ಮಂಡ್ಯದ ಮೇಷ್ಟ್ರು

ಮೂವರಿಗೂ ಧನ್ಯವಾದಗಳು. ಕಲ್ಯಾಣದ ದ್ವಾರಪಾಲಕನ ವಿಷಯ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಇನ್ನೆರಡು ಸಂದೇಹಗಳು. ತಂಜಾವೂರಿನ ಮರಾಠ ಅರಸರು ಬೆಂಗಳೂರಿನಿಂದ ಹೋದವರೆಂದು ಎಲ್ಲೋ ಕೇಳಿದ್ದೆ, ಅದು ನಿಜವೇ? ಮತ್ತೊಂದು, ತಾಯಿಯವರಿಗೆ ಕುಂಭಕೋಣದ ಹತ್ತಿರದ ಸ್ವಾಮಿಮಲೈಯಲ್ಲಿ ಪಂಚಲೋಹದ ಒಂದು ಚಿಕ್ಕ ಕೃಷ್ಣನನ್ನು ಕೊಳ್ಳುವ ಆಸೆಯಿದೆ. ಹಳೆಯದೆಂದು ಹೇಳಿ ಮಾರುವವರು ಇರುತ್ತಾರೆಂದು ಕೇಳಿ ಅಳುಕಾಗಿದೆ.

ಉತ್ತರ 4: ಶಾಸನದ ಹುಚ್ಚು

ನಿಜ. ಶಿವಾಜಿಯ ತಂದೆ ಶಹಾಜಿ ಬಿಜಾಪುರದ ಸರದಾರನಾಗಿ ಬೆಂಗಳೂರಿನ ಜಹಗೀರು ಪಡೆದಿದ್ದವನು. 1664ರಲ್ಲಿ ಅವನು ತೀರಿಕೊಂಡದ್ದು ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ, ಸಮಾಧಿ ಈಗಲೂ ಅಲ್ಲಿದೆ. ಬೆಂಗಳೂರು ಅವನ ಇನ್ನೊಬ್ಬ ಮಗ, ಶಿವಾಜಿಯ ಮಲತಮ್ಮ ಏಕೋಜಿಯ ಕೈಗೆ ಬಂತು. 1670ರ ದಶಕದ ನಡುವಿನಲ್ಲಿ ಏಕೋಜಿ ತಂಜಾವೂರನ್ನು ಹಿಡಿದು ಅಲ್ಲಿಯೇ ನಿಂತ. ದೂರದ ಬೆಂಗಳೂರನ್ನು ಕಾಯುವುದು ಕಷ್ಟವೆನಿಸಿ ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಲು ಮಾತುಕತೆ ನಡೆಸಿದ. ಅಷ್ಟರಲ್ಲಿ 1687ರಲ್ಲಿ ಮೊಗಲರ ಖಾಸಿಂ ಖಾನ್ ನುಗ್ಗಿ ಅದನ್ನು ವಶಪಡಿಸಿಕೊಂಡ, ಕೊನೆಗೆ ಊರು ಒಡೆಯರಿಗೇ ಸೇರಿತು.

ಆ ವಂಶದ ಎರಡನೆಯ ಸರಫೋಜಿಯ ಹೆಸರನ್ನು ನೆನಪಿಡಿ. 1799ರಲ್ಲಿ ರಾಜ್ಯವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅವನ ಪಾಲಿಗೆ ಉಳಿದದ್ದು ಕೋಟೆಯೊಳಗಿನ ಅಧಿಕಾರ ಮತ್ತು ಬೇಕಾದಷ್ಟು ಬಿಡುವು. ಆ ಬಿಡುವಿನಲ್ಲಿ ಅವನು ಸರಸ್ವತಿ ಮಹಲ್ ಗ್ರಂಥಾಲಯವನ್ನು ಬೆಳೆಸಿದ. ನಾಯಕರ ಕಾಲದ ಓಲೆಗರಿಗಳಿಗೆ ಕಾಶಿಯಾತ್ರೆಯಲ್ಲಿ ಸಂಗ್ರಹಿಸಿದ ಹಸ್ತಪ್ರತಿಗಳೂ ಯೂರೋಪಿನ ಪುಸ್ತಕಗಳೂ ಸೇರಿದವು. ಇಂದು ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. 1803ರಲ್ಲಿ ತನ್ನ ಭೋಸಲೆ ವಂಶದ ಚರಿತ್ರೆಯನ್ನು ಬರೆಸಲು ಅವನು ಆರಿಸಿಕೊಂಡದ್ದು ದೊಡ್ಡ ಗುಡಿಯ ಗೋಡೆಯನ್ನೇ. ಎಂಟು ನೂರು ವರ್ಷಗಳ ಹಿಂದೆ ತಮಿಳಿನಲ್ಲಿ ಆರಂಭವಾದ ಲೆಕ್ಕದ ಪುಸ್ತಕಕ್ಕೆ ಮರಾಠಿಯಲ್ಲಿ ಒಂದು ಅಧ್ಯಾಯ ಸೇರಿದ ಹಾಗಾಯಿತು. ಆ ಗುಡಿಯನ್ನು ಯಾರೋ ಒಬ್ಬರದ್ದು ಎನ್ನುವವರಿಗೆ ನಾನು ಈ ಗೋಡೆಯನ್ನು ತೋರಿಸುತ್ತೇನೆ.

ಮೂರ್ತಿಯ ವಿಷಯ. ಸ್ವಾಮಿಮಲೈಯ ಸ್ಥಪತಿಗಳ ಬಳಿ ಹೊಸದನ್ನೇ, ಹೊಸದೆಂದು ತಿಳಿದೇ ಕೊಳ್ಳಿ. ಹಳೆಯದೆಂದು ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ಅದು ನಕಲಿಯಾಗಿದ್ದರೆ ಮೋಸ, ಅಸಲಿಯಾಗಿದ್ದರೆ ಕಳವು. ಈ ಜಿಲ್ಲೆಯ ಶಿವಪುರದಲ್ಲಿ 1951ರಲ್ಲಿ ನೆಲದಡಿ ಸಿಕ್ಕ ನಟರಾಜನ ಕತೆ ಪ್ರಸಿದ್ಧವಾದದ್ದು. ದುರಸ್ತಿಗೆಂದು ಕೊಟ್ಟ ಮೂರ್ತಿಯ ಬದಲು ಅದರ ಪಡಿಯಚ್ಚು ಗುಡಿಗೆ ಮರಳಿ ಬಂತು, ಅಸಲು ಮೂರ್ತಿ ಅಮೆರಿಕದ ಸಂಗ್ರಹಾಲಯವೊಂದನ್ನು ಸೇರಿತು, ವ್ಯಾಜ್ಯ ಹೂಡಿ ಒಪ್ಪಂದವಾದ ಮೇಲೆ 1986ರಲ್ಲಿ ಅದು ಭಾರತಕ್ಕೆ ಹಿಂದಿರುಗಿತು. ಇಂಥ ಕಳವುಗಳ ಭಯದಿಂದಲೇ ಈಗ ಎಷ್ಟೋ ಹಳ್ಳಿಗಳ ಉತ್ಸವಮೂರ್ತಿಗಳನ್ನು ತಿರುವಾರೂರಿನ ಭದ್ರತಾ ಕೇಂದ್ರದಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಕಳ್ಳರಿಂದ ಉಳಿದವು, ಪೂಜೆಯಿಂದಲೂ ದೂರವಾದವು.

ಎರಕದ ಮನೆಯೊಂದರಲ್ಲಿ ಒಂದು ಗಂಟೆ ಕುಳಿತರೆ ಅಮ್ಮನವರಿಗೂ ಹಿಡಿಸುತ್ತದೆ. ತೆಂಗಿನ ಗರಿಯ ಸೀಳನ್ನು ಮಡಿಸಿ ಮಡಿಸಿ ತಾಳಮಾನದ, ಅಂದರೆ ಮೂರ್ತಿಯ ಅಂಗಾಂಗಗಳ ಪ್ರಮಾಣದ, ಅಳತೆ ತೆಗೆಯುತ್ತಾರೆ, ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ತಿದ್ದುತ್ತಾರೆ, ಮೇಲೆ ಕಾವೇರಿಯ ಮೆಕ್ಕಲು ಮಣ್ಣನ್ನು ಮೆತ್ತುತ್ತಾರೆ. ಮೇಣ ಕರಗಿ ಹರಿದುಹೋದ ಜಾಗಕ್ಕೆ ಲೋಹ ಇಳಿಯುತ್ತದೆ. ಮೂರ್ತಿಯನ್ನು ಹೊರತೆಗೆಯಲು ಅಚ್ಚನ್ನು ಒಡೆಯಲೇಬೇಕು. ಆದ್ದರಿಂದ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಉತ್ತರ 5: ಮಂದ್ರಸ್ಥಾಯಿ

ಸಂಗೀತವೆಲ್ಲ ನಮ್ಮದೇ ಎನ್ನುವವರ ಮಾತನ್ನು ಮೇಷ್ಟ್ರು ಎತ್ತಿದ್ದರಿಂದ, ವೀಣೆ ಕಲಿಯುತ್ತಿರುವ ನಾನು ಎರಡು ಮಾತು ಸೇರಿಸುತ್ತೇನೆ.

ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ತಂಜಾವೂರಿನ ಆಸ್ಥಾನದಲ್ಲಿದ್ದುಕೊಂಡು 'ಚತುರ್ದಂಡೀ ಪ್ರಕಾಶಿಕೆ'ಯನ್ನು ಬರೆದರು. ಎಪ್ಪತ್ತೆರಡು ಮೇಳಗಳ, ಅಂದರೆ ರಾಗಗಳಿಗೆ ತಳಹದಿಯಾದ ಸ್ವರಸಾಲುಗಳ, ಲೆಕ್ಕ ಹುಟ್ಟಿದ್ದು ಅದರಲ್ಲಿಯೇ, ಅವರ ಕಾಲಕ್ಕೆ ಬಳಕೆಯಲ್ಲಿದ್ದವು ಹತ್ತೊಂಬತ್ತು ಮಾತ್ರ. ಮನೆಮಾತು ಕನ್ನಡದ ವಿದ್ವಾಂಸರು, ತೆಲುಗು ಅರಸರ ಆಶ್ರಯದಲ್ಲಿ, ತಮಿಳು ನೆಲದಲ್ಲಿ, ಸಂಸ್ಕೃತದಲ್ಲಿ ಬರೆದ ಗ್ರಂಥ ಅದು. ಇದನ್ನು ಯಾವ ಭಾಷೆಯ ಖಾತೆಗೆ ಜಮಾ ಮಾಡುತ್ತೀರಿ? ಕೊಡುಕೊಳೆ ಎರಡೂ ಕಡೆಯಿಂದ ನಡೆದಿದೆ. ತಂಜಾವೂರಿನ ನಾಲ್ವರು ನಾಟ್ಯಾಚಾರ್ಯ ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಚಿತ್ರಕಲೆಯಲ್ಲಿಯೂ ತಂಜಾವೂರು, ಮೈಸೂರು ಎರಡೂ ವಿಜಯನಗರದ ಮನೆಯಿಂದ ಹೊರಟ ಅಕ್ಕತಂಗಿಯರು. ಅಲ್ಲಿಯವಳು ದಪ್ಪ ಚಿನ್ನದ ಉಬ್ಬುಕೆಲಸವನ್ನೂ ಕಲ್ಲುಗಳನ್ನೂ ಹೇರಿಕೊಂಡಳು, ನಮ್ಮವಳು ತೆಳುವಾದ ಚಿನ್ನದ ಹಾಳೆಗೆ ಒಪ್ಪಿಕೊಂಡಳು.

ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಹೋದಾಗ ಎದುರಿನಲ್ಲಿ ಕೈಮುಗಿದು ಕುಳಿತಿರುವ ಹೆಂಗಸಿನ ಪ್ರತಿಮೆಯನ್ನು ಮರೆಯದೆ ನೋಡಿ. ಅವರು 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಸಮಾಧಿ ಗಿಡಗಂಟಿಗಳ ನಡುವೆ ಪಾಳುಬಿದ್ದಿದ್ದಾಗ, ದೇವದಾಸಿ ಮನೆತನದ ಈ ಹೆಣ್ಣುಮಗಳು ತಮ್ಮ ಗಳಿಕೆಯನ್ನು ಸುರಿದು ಜಾಗವನ್ನು ಪಡೆದು ಗುಡಿ ಕಟ್ಟಿಸಿದರು; 1920ರ ದಶಕದಲ್ಲಿ ಅದರ ಪ್ರತಿಷ್ಠೆಯಾಯಿತು. ವಿಪರ್ಯಾಸವೆಂದರೆ ಅಲ್ಲಿನ ಆರಾಧನೆಯಲ್ಲಿ ಆಗ ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ಗಂಡಸರ ಎರಡು ಬಣಗಳು ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದಾಗ ನಾಗರತ್ನಮ್ಮನವರು ಹೆಂಗಸರದೇ ಮೂರನೆಯ ಬಣ ಕಟ್ಟಿ ಗುಡಿಯ ಹಿಂಭಾಗದಲ್ಲಿ ಹಾಡಿಸಿದರು. 1940ರ ಸುಮಾರಿಗೆ ಎಲ್ಲರೂ ಒಂದಾದರು. 1952ರಲ್ಲಿ ಅವರು ತೀರಿಕೊಂಡಾಗ ಅವರ ಸಮಾಧಿಯೂ ಅಲ್ಲಿಯೇ, ತ್ಯಾಗರಾಜರ ಎದುರಿಗೇ ಆಯಿತು. ರಾಜರಾಜನ ಗೋಡೆಯ ಮೇಲಿನ ನಾನೂರು ಹೆಸರುಗಳನ್ನು ಓದಿದಾಗ ನನಗೆ ನೆನಪಾದದ್ದು ಈ ಐದನೆಯ ನೂರರ ಮೊದಲನೆಯವರು.

ಉತ್ತರ 6: ಕುಂಭಕೋಣದ ಸೊಸೆ

ಅಮ್ಮನವರ ಮಂಡಿಯನ್ನು ಎಲ್ಲರೂ ಮರೆತಂತಿದೆ, ಆದ್ದರಿಂದ ಬಳಕೆಯ ಮಾತು ನಾನು ಹೇಳುತ್ತೇನೆ. ಇಲ್ಲಿನ ಗುಡಿಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುಚ್ಚಿದರೆ ತೆರೆಯುವುದು ಸಂಜೆ ನಾಲ್ಕಕ್ಕೆ. ಆ ನಾಲ್ಕು ಗಂಟೆಗಳನ್ನು ಅರಮನೆಗೆ, ಸ್ವಾಮಿಮಲೈಗೆ, ನಿದ್ರೆಗೆ ಇಟ್ಟುಕೊಳ್ಳಿ. ದೊಡ್ಡ ಗುಡಿಯ ಅಂಗಳದ ಹಾಸುಗಲ್ಲು ಹಗಲಲ್ಲಿ ಕಾಲು ಸುಡುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ದಾರಾಸುರದ ಗುಡಿ ಚಿಕ್ಕದು, ಹುಲ್ಲುಹಾಸಿನ ನಡುವೆ ತಂಪಾಗಿದೆ. ಸುತ್ತಿನ ಗೋಡೆಯಲ್ಲಿ ಅರವತ್ತಮೂರು ನಾಯನ್ಮಾರರ ಕತೆಗಳನ್ನು ಗೇಣುದ್ದದ ಶಿಲ್ಪಗಳಲ್ಲಿ ಕೆತ್ತಿದ್ದಾರೆ. ನಮ್ಮ ಕಡೆ ಅರವತ್ತಮೂರು ಪುರಾತನರೆಂದು ಹರಕೆ ಹೊತ್ತು ಪೂಜಿಸುವುದು ಇವರನ್ನೇ. ನಂಜನಗೂಡಿನ ಗುಡಿಯಲ್ಲಿ ಸಾಲಾಗಿ ನಿಂತವರನ್ನು ಅಮ್ಮನವರು ನೋಡಿಯೇ ಇರುತ್ತಾರೆ. ಇಲ್ಲಿ ಅವರ ಊರು, ಮನೆ, ಕಷ್ಟ ಎಲ್ಲವೂ ಕಾಣಿಸುತ್ತವೆ.

ಪಟ್ಟೀಶ್ವರವೂ ದಾರಾಸುರವೂ ಒಂದೇ ದಿಕ್ಕಿನಲ್ಲಿರುವುದರಿಂದ ಒಂದೇ ಬೆಳಿಗ್ಗೆ ಮುಗಿಯುತ್ತವೆ. ಚೋಳರ ಇನ್ನೊಂದು ದೊಡ್ಡ ಗುಡಿಯಿರುವ ಗಂಗೈಕೊಂಡ ಚೋಳಪುರ ಈಗ ಅರಿಯಲೂರು ಜಿಲ್ಲೆಗೆ ಸೇರುತ್ತದೆ. ಈ ಸಲ ಅದನ್ನು ಬಿಟ್ಟುಬಿಡಿ.

ಮಂಡ್ಯದ ಮೇಷ್ಟ್ರು

ಹಾಗೆಯೇ ಮಾಡುತ್ತೇನೆ. ಮೈಸೂರಿನಿಂದ ಹೊರಟು ಮಂಡ್ಯದ ಮೇಲೆ ಹಾದುಹೋಗುವ ರೈಲಿನಲ್ಲಿ ಟಿಕೆಟ್ ಸಿಕ್ಕಿದೆ, ಬೆಳಗಾಗುವ ಹೊತ್ತಿಗೆ ಕಾವೇರಿಯ ಆ ತುದಿಯಲ್ಲಿರುತ್ತೇವೆ. ಅಕ್ಕನವರಲ್ಲಿ ಒಂದು ಬಿನ್ನಹ: ತಮ್ಮ ಮಾವನವರ ನೋಟುಪುಸ್ತಕವನ್ನು ನಾವು ಬಂದಾಗ ಒಮ್ಮೆ ತೋರಿಸಲು ಸಾಧ್ಯವೇ? ತಾಯಿಯವರಿಗೆ ದಾಸರ ಪದಗಳು ಬಾಯಿಗೆ ಬರುತ್ತವೆ, ಅಕ್ಷರ ಬೇಕಾಗಿಲ್ಲ. ನಾನಂತೂ ಈ ವಾರದಿಂದ ತಮಿಳು ಅಕ್ಷರ ತಿದ್ದಲು ಕುಳಿತಿದ್ದೇನೆ; ಸಾವಿರ ವರ್ಷ ಹಳೆಯ ಬರಹವನ್ನು ಓದುವಷ್ಟು ಕಲಿಯಲಾರೆ, ಗೋಡೆಯಲ್ಲಿ 'ನಕ್ಕನ್' ಎಂಬ ಒಂದು ಪದವನ್ನಾದರೂ ಗುರುತಿಸಿದರೆ ಸಾಕು.

ಕುಂಭಕೋಣದ ಸೊಸೆ

ಬನ್ನಿ. ಪುಸ್ತಕವನ್ನು ತೆಗೆದಿಟ್ಟಿರುತ್ತೇನೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿಯೇ, ಹುಳಿ ಅನ್ನ ಮಾಡಿಸುತ್ತೇನೆ.